ಆ ಮಕ್ಕಳಿಗೆ ‘ಬರ್ತೇನೆ’ ಅನ್ನಬೇಡಿ

ಪ್ರಶ್ನೆ: ನನಗೆ 28 ವರ್ಷ. ಮನೆ ಉಡುಪಿಯ ಕಲ್ಸಂಕದ ಹತ್ತಿರ. ಮಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಕಂಪನಿಯ ಒಪ್ಪಿಗೆ ಪಡೆದು, ಡಿಟಿವಿ ವೀಸಾದಲ್ಲಿ (ಹೊರದೇಶದ ಕಂಪನಿಯ ಕೆಲಸವನ್ನು ಅಲ್ಲಿ ಕೂತು ಮಾಡಲು ಬಿಡುವ ವೀಸಾ) ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದು ನಾಲ್ಕು ತಿಂಗಳಾಯಿತು. ಇನ್ನೆರಡು ತಿಂಗಳಿದೆ. ವಾರವಿಡೀ ಕೆಲಸ, ಶನಿವಾರ ಗೆಳೆಯರ ಜೊತೆ ತಿರುಗಾಟ. ಭಾನುವಾರ ಒಂದು ಗಂಟೆ ದೂರದ ಹಳ್ಳಿಯ ಮಕ್ಕಳ ಹಾಸ್ಟೆಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಕಳೆದ ತಿಂಗಳು ಸುಸ್ತಾಗಿ ಎರಡು ಭಾನುವಾರ ಹೋಗಲಿಲ್ಲ. ಆಫೀಸ್ ಕೆಲಸದಲ್ಲೂ ಒಂದು ದೊಡ್ಡ ತಪ್ಪು ಕಣ್ಣು ತಪ್ಪಿಸಿ ಹೋಯಿತು, ಮ್ಯಾನೇಜರ್ ಬೇಸರ ಮಾಡಿಕೊಂಡರು. ನೋಡಬೇಕಾದದ್ದು ಇನ್ನೂ ಎಷ್ಟೋ ಇದೆ. ಅಮ್ಮ ಪ್ರತಿ ರಾತ್ರಿ ಫೋನ್ ಮಾಡಿ, ‘ನೀನು ದುಡೀಲಿಕ್ಕೆ ಹೋದದ್ದಾ, ತಿರುಗ್ಲಿಕ್ಕೆ ಹೋದದ್ದಾ?’ ಅನ್ನುತ್ತಾರೆ. ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಲಾ? ಪಾಠ ಬಿಡಲಾ? ಬಿಟ್ಟರೆ ನಾನು ಸ್ವಾರ್ಥಿಯಾ?
- ಹೆಸರು ಬೇಡ, ಉಡುಪಿ

ಉತ್ತರ: ರಜೆ ಹಾಕಬೇಡಿ. ಆ ವೀಸಾ ಸಿಕ್ಕಿದ್ದೇ ಈ ನೌಕರಿಯ ಕಾಗದ ತೋರಿಸಿ. ಅದಕ್ಕೆ ಐದು ವರ್ಷದ ಬಾಳಿಕೆ ಇದೆ, ಒಮ್ಮೆ ಒಳಗೆ ಹೋದರೆ 180 ದಿನ ಇರಬಹುದು. ಅಂದರೆ ಈ ಸಲ ನೋಡದೆ ಉಳಿದದ್ದನ್ನು ಮತ್ತೆ ಹೋಗಿ ನೋಡಲು ದಾರಿ ತೆರೆದೇ ಇದೆ. ಅದಕ್ಕಾಗಿ ಸಂಬಳ ಕಳೆದುಕೊಳ್ಳುವುದು ಯಾಕೆ?

ನೀವು ಕೆಲಸ, ತಿರುಗಾಟ, ಪಾಠ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದ್ದೀರಿ. ಅವು ಒಂದೇ ತೂಕದವಲ್ಲ. ದೋಯ್ ಸುಥೆಪ್ ಬೆಟ್ಟದ ದೇವಸ್ಥಾನ 1383ರಿಂದ ಅಲ್ಲೇ ಇದೆ. ಈ ಶನಿವಾರ ನೀವು ಹೋಗದಿದ್ದರೆ ಅದಕ್ಕೇನೂ ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಗೇಟಿನ ಕಡೆ ನೋಡುತ್ತಾ ಕೂತ ಮಗುವಿಗೆ ಆಗುತ್ತದೆ.

ನಾನು ಬಿ.ಎಡ್. ಓದುವಾಗ ಮಂಗಳೂರಿನ ಒಂದು ಮಕ್ಕಳ ಹಾಸ್ಟೆಲ್‌ಗೆ ಭಾನುವಾರ ಪಾಠಕ್ಕೆ ಹೋಗುತ್ತಿದ್ದೆ. ಪರೀಕ್ಷೆ ಬಂತು, ಆಮೇಲೆ ಕೆಲಸ ಸಿಕ್ಕಿತು, ಹೋಗುವುದು ನಿಂತಿತು. ಹೇಳಿ ನಿಲ್ಲಿಸಲಿಲ್ಲ, ಸುಮ್ನೆ ನಿಂತಿತು. ಎಷ್ಟೋ ತಿಂಗಳಾದ ಮೇಲೆ ಅಲ್ಲಿನ ಅಡುಗೆಯಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಹಿತ್ತಲಿನ ಎರಡು ಪೇರಳೆ ಹಣ್ಣು ಲಂಗದ ಮಡಿಲಲ್ಲಿ ಇಟ್ಟುಕೊಂಡು, ಪ್ರತಿ ಭಾನುವಾರ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳಂತೆ. ಊಟದ ಗಂಟೆ ಹೊಡೆದ ಮೇಲೆ ಎದ್ದು ಹೋಗಿ ಹಣ್ಣನ್ನು ತನ್ನ ಟ್ರಂಕಿನಲ್ಲಿ ಇಡುತ್ತಿದ್ದಳಂತೆ. ಮೊದಲಿನ ಹಣ್ಣು ಕೊಳೆತ ಮೇಲೆ ಬೇರೆ ಎರಡು ಕೊಯ್ದಿದ್ದಳಂತೆ. ಇವತ್ತಿಗೂ ಪೇರಳೆ ಕಂಡರೆ ನನಗೆ ಆ ಟ್ರಂಕ್ ನೆನಪಾಗುತ್ತದೆ. ನಿಮ್ಮ ಪತ್ರದಲ್ಲಿ ಆ ಎರಡು ಭಾನುವಾರದ ಮಾತು ಓದಿದಾಗ ಎದೆ ಝಲ್ಲೆಂದಿತು.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಸಂಬಳ ತೆಗೆದುಕೊಳ್ಳುತ್ತಿಲ್ಲ, ಸೇವೆ ತಾನೇ ಅಂತ ನಮಗನ್ನಿಸುತ್ತದೆ, ಅಲ್ವಾ? ಆದರೆ ಥಾಯ್ಲೆಂಡಿನಲ್ಲಿ ವಿದೇಶಿಯರು ಮಾಡುವ ಸ್ವಯಂಸೇವೆಗೂ ವರ್ಕ್ ಪರ್ಮಿಟ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಮಂಗಳೂರಿನ ಕೆಲಸ ಮಾಡಲು ಡಿಟಿವಿ ಸಾಕು. ಅಲ್ಲಿನ ಸಂಸ್ಥೆಯಲ್ಲಿ ಪಾಠ ಮಾಡಲು ಸಾಕಾಗುವುದಿಲ್ಲ. ದಂಡ ಹಾಕಿ ಊರಿಗೆ ಕಳಿಸುವ ಅಧಿಕಾರ ಅಲ್ಲಿನ ಸರ್ಕಾರಕ್ಕಿದೆ. ನಿಮ್ಮನ್ನು ಕರೆದುಕೊಂಡ ಹಾಸ್ಟೆಲ್‌ಗೂ ತೊಂದರೆಯಾಗಬಹುದು. ಅದೂ ಅಲ್ಲದೆ, ಊರು ಕೇರಿ ವಿಚಾರಿಸದೆ ನಿಮ್ಮನ್ನು ಒಳಗೆ ಬಿಟ್ಟರಾ? ಆ ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದಾರೆ? ಕೇಳಿ. ಪ್ರವಾಸಿಗರಿಗೆ ತೋರಿಸಿ ದೇಣಿಗೆ ಎತ್ತುವುದಕ್ಕೆಂದೇ, ತಂದೆತಾಯಿ ಇರುವ ಮಕ್ಕಳನ್ನು ತಂದು ಅನಾಥಾಲಯದಲ್ಲಿ ಇಟ್ಟುಕೊಂಡ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿವೆ. 2018ರಲ್ಲಿ ಆಸ್ಟ್ರೇಲಿಯಾ ಇದನ್ನು ಆಧುನಿಕ ಗುಲಾಮಗಿರಿ ಎಂದೇ ಪರಿಗಣಿಸಿತು. ನಿಮ್ಮ ಹಾಸ್ಟೆಲ್ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ದೂರದ ಹಳ್ಳಿಯ ಮಕ್ಕಳು ಶಾಲೆಗಾಗಿ ಉಳಿಯುವ ಒಳ್ಳೆಯ ಜಾಗವೇ ಇರಬಹುದು. ಆದರೂ ಕೇಳುವುದು ನಿಮ್ಮ ಜವಾಬ್ದಾರಿ. ಗುರುತಿಲ್ಲದ ಯಾರೋ ಬಂದು ನಮ್ಮೂರಿನ ಹಾಸ್ಟೆಲ್ ಮಕ್ಕಳ ಜೊತೆ ಕೂತರೆ ನಾವು ಸುಮ್ಮನಿರುತ್ತೇವಾ?

ಈ ಭಾನುವಾರ ಹೋಗಿ. ಪಾಠಕ್ಕಲ್ಲ, ಮಾತಾಡಿ ಬರಲಿಕ್ಕೆ. ಹಾಸ್ಟೆಲ್‌ನವರು ಪರ್ಮಿಟ್ ಮಾಡಿಸಿಕೊಟ್ಟರೆ ಹದಿನೈದು ದಿನಕ್ಕೊಮ್ಮೆ ಹೋಗಿ, ಬರುವ ದಿನಗಳನ್ನು ಅವರ ಕ್ಯಾಲೆಂಡರಿನಲ್ಲಿ ಮಕ್ಕಳ ಕೈಯಿಂದಲೇ ಗುರುತು ಹಾಕಿಸಿ. ಆಗುವುದಿಲ್ಲ ಅಂದರೆ ಅವತ್ತೇ ಬಿಟ್ಟುಬಿಡಿ. ಆದರೆ ಎರಡು ವಾರ ಯಾಕೆ ಬರಲಿಲ್ಲ, ಇನ್ನು ಯಾಕೆ ಬರುವುದಿಲ್ಲ ಅಂತ ಎದುರಿಗೆ ಕೂತು ಹೇಳಿ. ನಮ್ಮ ಕಡೆ ಹೊರಡುವಾಗ ‘ಹೋಗ್ತೇನೆ’ ಅನ್ನುವುದಿಲ್ಲ, ‘ಬರ್ತೇನೆ’ ಅನ್ನುತ್ತೇವೆ. ಆ ಮಕ್ಕಳ ಹತ್ತಿರ ಮಾತ್ರ ಹಾಗೆ ಹೇಳಬೇಡಿ. ಅವರು ಅದನ್ನು ನಿಜ ಅಂತಲೇ ನಂಬುತ್ತಾರೆ. ಹೇಳಿ ಬಿಟ್ಟವರು ಸ್ವಾರ್ಥಿಗಳಲ್ಲ.

ಇನ್ನು ತಿರುಗಾಟ. ಇಲ್ಲಿ ಆಫೀಸ್ ಶುರುವಾಗುವ ಹತ್ತು ಗಂಟೆಗೆ ಅಲ್ಲಿ ಹನ್ನೊಂದೂವರೆ. ಇಷ್ಟು ಒಳ್ಳೆಯ ಅನುಕೂಲ ಲಂಡನ್ನಿನಲ್ಲೋ ಅಮೆರಿಕದಲ್ಲೋ ಕೂತು ನಮ್ಮ ಹೊತ್ತಿಗೆ ಕೆಲಸ ಮಾಡುವವರಿಗಿಲ್ಲ, ಅವರು ನಿದ್ದೆ ಕೆಡಬೇಕು. ಆರು ಗಂಟೆಗೆ ಎದ್ದರೆ ನಿಮಗೆ ಐದೂವರೆ ಗಂಟೆ ಸಿಗುತ್ತದೆ. ವಾರದಲ್ಲಿ ಎರಡು ಬೆಳಿಗ್ಗೆ ಸಾಕು. ಒಂದು ದಿನ ಕೆಂಪು ಸೊಂಗ್‌ತೇವ್ ಹತ್ತಿ, ನಮ್ಮ ಸರ್ವಿಸ್ ಜೀಪಿನ ಹಾಗೆ ಸೀಟು ಹಿಡಿದು ಕೂತು, ದೋಯ್ ಸುಥೆಪ್‌ಗೆ ಹೋಗಿ. ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲಿದೆ, ಎರಡೂ ಕಡೆ ನಾಗ. ನಾಗಬನಕ್ಕೆ ಕೈಮುಗಿದು ಬೆಳೆದ ನಿಮಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಇನ್ನೊಂದು ದಿನ ಕಂದಕದೊಳಗಿನ ಹಳೇ ಪೇಟೆ ನಡೆದು ನೋಡಿ, 1296ರಲ್ಲಿ ಕಟ್ಟಿದ ಊರು ಅದು. ದೋಯ್ ಇಂಥನಾನ್ ಬೆಟ್ಟದ ಎತ್ತರ 2,565 ಮೀಟರ್, ನಮ್ಮ ಕುದುರೆಮುಖದ್ದು 1,894. ಅದಕ್ಕೆ ಒಂದು ಇಡೀ ಶನಿವಾರ ಕೊಡಿ. ಮಾರನೇ ದಿನ ಪಾಠ ಇಲ್ಲದಿದ್ದರೆ ಮಲಗಿ, ಬಟ್ಟೆ ಒಗೆಯಿರಿ, ಗಂಜಿ ಊಟ ಮಾಡಿ.

ನವೆಂಬರಿನಿಂದ ಜನವರಿ ಅಲ್ಲಿ ತಂಪಿನ ಕಾಲ. ಮುಂದೆ ಮತ್ತೆ ಹೋಗುವುದಾದರೆ ಫೆಬ್ರವರಿಯಿಂದ ಏಪ್ರಿಲ್ ಬಿಟ್ಟುಬಿಡಿ. ಗದ್ದೆಗೆ ಹಚ್ಚುವ ಬೆಂಕಿ, ಕಾಡಿನ ಬೆಂಕಿ ಸೇರಿ ಊರು ಹೊಗೆಯಲ್ಲಿ ಮುಳುಗುತ್ತದೆ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇಲ್ಲ ಅಂತ ನಾವು ಗೊಣಗುತ್ತೇವಾ? ಕಾಯುತ್ತೇವೆ, ಅಷ್ಟೇ.

ಮ್ಯಾನೇಜರ್ ಹತ್ತಿರ ತಪ್ಪು ಒಪ್ಪಿಕೊಂಡು, ಮುಂದಿನ ಸಾಫ್ಟ್‌ವೇರ್ ರಿಲೀಸ್ ಇರುವ ವಾರಗಳಲ್ಲಿ ಬೆಳಗಿನ ತಿರುಗಾಟವನ್ನೂ ನಿಲ್ಲಿಸಿ. ಹೊರಡುವ ದಿನ ಹಿಂದೆಮುಂದೆ ಮಾಡುವ ಮೊದಲು ಆಡಿಟರ್ ಒಬ್ಬರನ್ನು ಕೇಳಿ. ಒಂದೇ ಕ್ಯಾಲೆಂಡರ್ ವರ್ಷದಲ್ಲಿ 180 ದಿನ ಅಲ್ಲಿದ್ದರೆ ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿ ಆಗುತ್ತೀರಿ.

ಅಮ್ಮನ ಮಾತು ಬೈಗುಳ ಅಂತ ನನಗನ್ನಿಸಲಿಲ್ಲ. ಮಗಳು ಏನು ಮಾಡುತ್ತಿದ್ದಾಳೆ ಅಂತ ಅವರಿಗೆ ಕಾಣುತ್ತಿಲ್ಲ, ಅದಕ್ಕೇ ಕೇಳುತ್ತಾರೆ. ಕಾರ್ತಿಕ ಹುಣ್ಣಿಮೆ ಹತ್ತಿರ ಬಂತು. ಆ ದಿನಗಳಲ್ಲಿ ಚಿಯಾಂಗ್ ಮಾಯ್‌ನ ಜನ ಬಾಳೆದಿಂಡಿನ ತುಂಡಿಗೆ ಎಲೆ, ಹೂ, ಮೇಣದ ಬತ್ತಿ ಸಿಕ್ಕಿಸಿ ಪಿಂಗ್ ನದಿಯಲ್ಲಿ ತೇಲಿಬಿಡುತ್ತಾರೆ. ಕೃಷ್ಣ ಮಠದಲ್ಲಿ ಲಕ್ಷದೀಪೋತ್ಸವವೂ ಆಗಲೇ. ನಿಮ್ಮ ಕೆಲಸ ಮುಗಿಯುವ ಎಂಟೂವರೆಗೆ ಇಲ್ಲಿ ಏಳು ಗಂಟೆ. ನದಿಯ ಹತ್ತಿರ ನಿಂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿ. ನಿಮ್ಮ ಬಾಳೆದಿಂಡಿನ ದೀಪ ಅವರಿಗೆ ತೋರಿಸಿ, ರಥಬೀದಿಯ ಹಣತೆಗಳನ್ನು ಅವರು ನಿಮಗೆ ತೋರಿಸಲಿ.