ಗಡಿಯ ಗೋಡೆ ಸ್ಮಾರಕವಾಗುವ ಬಗೆ

ಪ್ರಶ್ನೆ: ಬರ್ಲಿನ್ ಗೋಡೆಯ ತುಂಡುಗಳನ್ನು ಹಲವು ದೇಶಗಳಲ್ಲಿ ಸ್ಮಾರಕವಾಗಿ ನಿಲ್ಲಿಸಿದ್ದಾರಂತೆ. ಜನರನ್ನು ಅಗಲಿಸಿದ ಗೋಡೆಗೆ ಈ ಮಾನ ಹೇಗೆ ಬಂತು? ನಿಜಾಮರ ಕಾಲದಲ್ಲಿ ನಮ್ಮ ಭಾಗದಲ್ಲಿದ್ದ ಗಡಿಯ ಕುರುಹುಗಳನ್ನೂ ಹಾಗೆ ಉಳಿಸಬಹುದೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ತನ್ನ ಜನ ಪಶ್ಚಿಮ ಬರ್ಲಿನ್ನಿಗೆ ಹೋಗದಂತೆ ಕಮ್ಯುನಿಸ್ಟ್ ಪೂರ್ವ ಜರ್ಮನಿ 1961ರ ಆಗಸ್ಟ್ 13ರಂದು ಬರ್ಲಿನ್ನಿನ ಗಡಿಯನ್ನು ಮುಚ್ಚಿ ಕಟ್ಟತೊಡಗಿದ ಆ ಗೋಡೆ 1989ರ ನವೆಂಬರ್ 9ರ ರಾತ್ರಿ ತೆರೆದುಕೊಂಡಾಗ, ಅದನ್ನು ಉಳಿಸಬೇಕೆಂದವರು ತೀರಾ ಕಡಿಮೆ. ಅದರ ನೆರಳಿನಲ್ಲಿ 28 ವರ್ಷ ಬದುಕಿದವರಿಗೆ ಅದು ಕಣ್ಣೆದುರಿನಿಂದ ತೊಲಗಿದರೆ ಸಾಕಾಗಿತ್ತು. ಹೆಚ್ಚಿನ ಭಾಗವನ್ನು ಪುಡಿ ಮಾಡಿ ರಸ್ತೆ ಕಾಮಗಾರಿಗೆ ಬಳಸಿದರು. ಬಣ್ಣದ ಚಿತ್ರಗಳಿದ್ದ ಕೆಲವು ಹಲಗೆಗಳನ್ನು 1990ರ ಜೂನ್‌ನಲ್ಲಿ ಮೊನಾಕೊದಲ್ಲಿ ಹರಾಜು ಹಾಕಿದರು. ಒಂದೊಂದೂ 3.6 ಮೀಟರ್ ಎತ್ತರದ, ಎರಡೂವರೆ ಟನ್ನಿಗೂ ಮಿಗಿಲಾದ ಗೋಡೆಯ ಇಂಥ ಕಾಂಕ್ರೀಟ್ ಹಲಗೆಗಳು ಇಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಆವರಣದಲ್ಲಿವೆ, ವ್ಯಾಟಿಕನ್ನಿನಲ್ಲಿವೆ, ಇನ್ನೂ ಎರಡಾಗಿಯೇ ಉಳಿದಿರುವ ಕೊರಿಯಾದ ಸೋಲ್ ನಗರದಲ್ಲಿಯೂ ಇವೆ.

ಆದರೆ ನೆಲ ಬಿಟ್ಟು ಹೋದ ಹಲಗೆ ಹೇಳುವುದು ಸ್ವಲ್ಪವೇ ಎಂಬುದು ನನ್ನ ಅಭಿಪ್ರಾಯ. ಬರ್ಲಿನ್ನಿನ ಬರ್ನಾವರ್ ಬೀದಿಯ ಒಂದು ಬದಿಯಲ್ಲಿ ಮನೆಗಳು ಪೂರ್ವ ಬರ್ಲಿನ್ನಿಗೆ, ಅವುಗಳ ಮುಂದಿನ ಕಾಲುದಾರಿ ಪಶ್ಚಿಮ ಬರ್ಲಿನ್ನಿಗೆ ಸೇರಿದ್ದವು. ಕಿಟಕಿಯಿಂದ ಹಾರಿದವರನ್ನು ಹಿಡಿಯಲು ಕೆಳಗೆ ಪಶ್ಚಿಮದ ಅಗ್ನಿಶಾಮಕ ಸಿಬ್ಬಂದಿ ಬಲೆ ಹಿಡಿದು ನಿಂತಿದ್ದರು, ಆದರೂ ಕೆಲವರು ಸತ್ತರು. ಗೋಡೆಯ ಎರಡು ಸಾಲುಗಳ ನಡುವಿನ ಕಾವಲು ಪಟ್ಟಿಯೊಳಗೆ ಸಿಕ್ಕಿಕೊಂಡಿದ್ದ ಇಗರ್ಜಿಯೊಂದನ್ನು 1985ರಲ್ಲಿ ಸ್ಫೋಟಿಸಿದರು. ಇದೇ ಬೀದಿಯಲ್ಲಿ 1998ರಲ್ಲಿ ಸ್ಮಾರಕ ಉದ್ಘಾಟನೆಯಾಯಿತು. ಬಿದ್ದುಹೋದ ಗೋಡೆಯನ್ನು ಅಲ್ಲಿ ಮತ್ತೆ ಕಟ್ಟಲಿಲ್ಲ. ಅದಿದ್ದ ಗೆರೆಯಲ್ಲಿ ತುಕ್ಕು ಹಿಡಿದ ಉಕ್ಕಿನ ಸರಳುಗಳನ್ನು ನೆಟ್ಟಿದ್ದಾರೆ, ಅವುಗಳ ನಡುವೆ ಯಾರು ಬೇಕಾದರೂ ದಾಟಬಹುದು. ಹಳೆಯ ಇಗರ್ಜಿಯ ಇಟ್ಟಿಗೆ ಚೂರುಗಳನ್ನು ಮಣ್ಣಿಗೆ ಬೆರೆಸಿ, ಗಟ್ಟಿಯಾಗಿ ಬಡಿದು, 2000ದಲ್ಲಿ ಪುಟ್ಟ ಪ್ರಾರ್ಥನಾ ಮಂದಿರವನ್ನು ಕಟ್ಟಿದ್ದಾರೆ. ಜಾಗ, ಸಾಕ್ಷ್ಯ, ಅಲ್ಲಿ ನೊಂದವರ ವಿವರ ಮೂರೂ ಒಟ್ಟಿಗಿರುವುದರಿಂದಲೇ ಅದು ಜನರ ಸ್ಮಾರಕವಾಗಿದೆ.

ನಮ್ಮಲ್ಲಿ ಗೋಡೆ ಇರಲಿಲ್ಲ, ಹೊಳೆ ಇತ್ತು. ತುಂಗಭದ್ರೆಯ ಆಚೆ ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ, ಈಚೆ ಕೊಪ್ಪಳ, ರಾಯಚೂರು ನಿಜಾಮರಿಗೆ ಸೇರಿದ್ದವು. ಈಚೆ ನಿಜಾಮರದೇ ಆದ ಹಾಲಿ ಸಿಕ್ಕಾ ನಾಣ್ಯ ನಡೆಯುತ್ತಿತ್ತು, ಗಡಿ ದಾಟುವ ಸರಕಿಗೆ ಕರೋಡಗಿರಿ ನಾಕಾದಲ್ಲಿ, ಅಂದರೆ ನಿಜಾಮರ ಸುಂಕದ ಠಾಣೆಯಲ್ಲಿ, ಸುಂಕ ತೆರಬೇಕಿತ್ತು. 1947–48ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು ನಿಜಾಮರ ವಿರುದ್ಧ ನಿಂತ ಹೋರಾಟಗಾರರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿದ್ದರು. ತುಂಗಭದ್ರಾ ಅಣೆಕಟ್ಟು ಕೂಡ ಆ ವಿಭಜನೆಯ ಕುರುಹೇ: 1945ರ ಫೆಬ್ರವರಿ 28ರಂದು ಎರಡು ಸರ್ಕಾರಗಳು ಎರಡು ದಂಡೆಗಳಲ್ಲಿ ಬೇರೆ ಬೇರೆಯಾಗಿ ಅದಕ್ಕೆ ಅಡಿಗಲ್ಲು ಹಾಕಿಸಿದವು. ಉದ್ಯಾನವನ್ನೂ ದೀಪಗಳನ್ನೂ ನೋಡಿ ಮರಳುವ ಪ್ರವಾಸಿಗರಿಗೆ ಈ ಸಂಗತಿ ತಿಳಿಯಲೇಬೇಕು.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ, ಖಂಡಿತ ಉಳಿಸಬಹುದು. ಹಳೆಯ ನಾಕಾ ಕಟ್ಟಡ ಎಲ್ಲಾದರೂ ಉಳಿದಿದ್ದರೆ ಅದರ ಕಲ್ಲುಗಳನ್ನು ಕಿತ್ತು ವಸ್ತುಸಂಗ್ರಹಾಲಯಕ್ಕೆ ಸಾಗಿಸದೆ, ಇದ್ದಲ್ಲಿಯೇ ಕಾಪಾಡಬೇಕು. ಅಲ್ಲಿ ಹಾಕುವ ಫಲಕ ಎರಡು ಮತಗಳ ಜಗಳದ ಕಥೆಯಾಗಬಾರದು. ಹಿಂದೂ ಮುಸ್ಲಿಮರೆನ್ನದೆ ಗಡಿಯಲ್ಲಿ ಸುಂಕ ತೆತ್ತ ರೈತ, ವ್ಯಾಪಾರಿಗಳೆಲ್ಲರ ಮಾತು ಅದರಲ್ಲಿರಬೇಕು. ಕಟ್ಟಡ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ, ಊರಿನ ಹಿರಿಯರ ನೆನಪುಗಳನ್ನು ಬರೆದುಕೊಂಡು, ಫೋಟೊಗಳೊಂದಿಗೆ ರಾಜ್ಯ ಪುರಾತತ್ವ ಇಲಾಖೆಗೆ ಮನವಿ ಸಲ್ಲಿಸಿರಿ.