ಮಂಚದ ಪಕ್ಕದ ಕಾರ್ಡ್‌ಲೆಸ್ ಮತ್ತು ಮಳೆಗಾಲದ ಸತ್ತ ಲೈನ್

ಶಿರಸಿಯ ಹುಲೇಕಲ್ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮನೆ ಕಾರ್ಡ್‌ಲೆಸ್ ಫೋನಿನ ಬೇಸ್ ಮಂಚದ ಪಕ್ಕಾನೇ ಇದೆ. ಮಾತಾಡದೇ ಇದ್ರೂ ರಾತ್ರಿಯಿಡೀ ರೇಡಿಯೇಶನ್ ಬಿಡುತ್ತೆ, ಕ್ಯಾನ್ಸರ್ ಬರುತ್ತೆ ಅಂತ ಮಗ ಬೆಂಗಳೂರಿಂದ ವಾಟ್ಸಾಪ್ ಕಳಿಸಿದಾನೆ. ಎತ್ತಿ ಬಿಸಾಡೋದಾ?"

ಬಿಸಾಡ್ಬೇಡಿ. ಮಗ ಹೇಳಿದ್ರಲ್ಲಿ ಸ್ವಲ್ಪ ನಿಜ ಇದೆ. ಹಳೇ ಡೆಕ್ಟ್ (ಡಿಜಿಟಲ್ ಕಾರ್ಡ್‌ಲೆಸ್) ಫೋನಿನ ಬೇಸ್ ಸುಮ್ನೆ ಕೂತಿದ್ರೂ ಸೆಕೆಂಡಿಗೆ ನೂರು ಸಲ ಸಣ್ಣ ಸಿಗ್ನಲ್ ಬಿಡ್ತಿರುತ್ತೆ, 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ರೇಡಿಯೋ ತರಂಗಗಳನ್ನ 'ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು' ಅನ್ನೋ 2ಬಿ ಗುಂಪಿಗೆ ಹಾಕಿದ್ದೂ ಹೌದು. ಬೇಸನ್ನ ಜಗುಲಿಗೆ ಇಡಿ, ದೂರ ಎರಡು ಪಟ್ಟಾದ್ರೆ ಮೈಗೆ ತಾಗೋದು ಕಾಲು ಭಾಗ ಆಗುತ್ತೆ. ಅಷ್ಟು ಸಾಕು.

ಇನ್ನು ಇದನ್ನ ನಿಮ್ಮ ಮಗನಿಗೆ ಓದಿ ಹೇಳಿ. ಕೈಗಾ ಅಣು ವಿದ್ಯುತ್ ಸ್ಥಾವರದ ಪಕ್ಕದಲ್ಲಿ ಬದುಕ್ತಿರೋ ಜಿಲ್ಲೆ ನಮ್ದು, ರೇಡಿಯೇಶನ್ ಅಂದ್ರೆ ಎದೆ ಧಸಕ್ಕನ್ನೋದು ಸಹಜ, ಆದ್ರೆ ಅಣುವನ್ನೇ ಒಡೆದು ಜೀವಕೋಶ ಕೆಡಿಸೋ ಶಕ್ತಿ ಫೋನಿನ ತರಂಗಕ್ಕಿಲ್ಲ. ಡೆಕ್ಟ್ ಹ್ಯಾಂಡ್‌ಸೆಟ್ ಮಾತಾಡುವಾಗ ಸರಾಸರಿ ಬಿಡೋದು ಸುಮಾರು 10 ಮಿಲಿವ್ಯಾಟ್, 4ಜಿ ಮೊಬೈಲು ಸಿಗ್ನಲ್ ಕಮ್ಮಿ ಇರೋ ಜಾಗದಲ್ಲಿ 200ರ ತನಕ ಏರುತ್ತೆ. ನಾವು ಮಾತಾಡೋ ಹಾಗೇ ಇದೂ, ಜಗುಲಿಯಲ್ಲಿ ಕೂತವನಿಗೆ ಮೆಲ್ಲಗೆ ಹೇಳಿದ್ರೆ ಸಾಕು, ತೋಟದಾಚೆ ಇರೋನಿಗೆ ಕೂಗೇ ಹಾಕ್ಬೇಕು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಪರಿಶೀಲನೆಯಲ್ಲಿ ಮೊಬೈಲಿಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ, ಕಾರ್ಡ್‌ಲೆಸ್ ಬಗ್ಗೆ ಪುರಾವೆ ಕಡಿಮೆ ಇದ್ರೂ ಅದೂ ಅದೇ ಕಡೆಗೆ ವಾಲುತ್ತೆ.

ಇದೇ ಲೆಕ್ಕ ಮೊಬೈಲ್ ಟವರಿಗೂ ಬರುತ್ತೆ. ಟವರ್ ಬೇಡ ಅಂತ ಅರ್ಜಿ ಬರೆದ ಊರಿನ ಮಕ್ಕಳೇ ಕೊರೋನಾ ಕಾಲದಲ್ಲಿ ಕ್ಲಾಸ್ ಕೇಳೋಕೆ ಛತ್ರಿ ಹಿಡ್ಕೊಂಡು ಗುಡ್ಡ ಹತ್ತಿದ್ದನ್ನ ನಾನು ನೋಡಿದೀನಿ, ಟವರ್ ದೂರ ಇದ್ದಷ್ಟೂ ಕಿವಿ ಹತ್ತಿರದ ಫೋನ್ ಜಾಸ್ತಿ ಪವರ್ ಬಿಡುತ್ತೆ ಅನ್ನೋದನ್ನ ಯಾರೂ ಅವರಿಗೆ ಹೇಳಲಿಲ್ಲ. ಈ ಸಿಟ್ಟು ನಂಗೆ ಇನ್ನೂ ಇಳಿದಿಲ್ಲ.

ಕಾರ್ಡ್‌ಲೆಸ್ಸಲ್ಲಿ ನಂಗಿರೋ ಭಯಾನೇ ಬೇರೆ. ಅದಕ್ಕೆ ಕರೆಂಟ್ ಬೇಕು. ಆಷಾಢದಲ್ಲಿ ಮರ ಬಿದ್ದು ಕರೆಂಟ್ ಹೋದ್ರೆ ಬೇಸ್ ಸತ್ತಂಗೇ, ಆಗ ರಾತ್ರಿ ಯಾರಿಗಾದ್ರೂ ಹಾವು ಕಚ್ಚಿದ್ರೆ 108ಕ್ಕೆ ಹೇಗೆ ಮಾಡ್ತೀರಿ? ಹಳೇ ತಾಮ್ರದ ತಂತಿಯ ಲೈನು ಇನ್ನೂ ಇದ್ರೆ ಒಂದು ವೈರಿನ ಸೆಟ್ಟನ್ನೂ ಇಟ್ಕೊಳ್ಳಿ, ಅದಕ್ಕೆ ಬೇಕಾದ ಕರೆಂಟ್ ಎಕ್ಸ್‌ಚೇಂಜಿಂದಾನೇ ಬರುತ್ತೆ. ಫೈಬರ್ ಆದ್ರೆ ಮನೆಯ ಮೋಡೆಮ್ಮಿಗೆ ಬ್ಯಾಟರಿ ಬ್ಯಾಕಪ್ ಹಾಕಿಸಿ. ಕಷ್ಟದ ಕೇಸಾದ್ರೆ ಇಲ್ಲಿಂದ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ಓಡಬೇಕು, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜಿಲ್ಲೆಯ ಜನ ಕೇಳಿ ಕೇಳಿ ಸುಸ್ತಾದ್ರು. ಇಂಥಾ ಕಡೆ ಮೊದಲ ಕರೆ ಹತ್ತು ನಿಮಿಷ ತಡ ಆದ್ರೂ ಜೀವ ಹೋಗಬಹುದು. ನಮ್ಮ ಆಫೀಸಿನ ಲೈನೂ ಕಳೆದ ಮಳೇಲಿ ವಾರಗಟ್ಟಲೆ ಸತ್ತಿತ್ತು, ದೂರು ಕೊಟ್ರೆ ಕಂಬ ಬಂದಿಲ್ಲ ಅಂದ್ರು.

ಹಾಗಾಗಿ ಒಂದು ಕೆಲಸ ಮಾಡಿ. ಈ ಮಳೆಗಾಲ ನಿಮ್ಮ ಲೈನ್ ಯಾವತ್ತು ಸತ್ತಿತು, ಯಾವತ್ತು ಬಂತು ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ ನಂಗೆ ಕಳಿಸಿ, ನಿಮ್ಮ ಅಕ್ಕಪಕ್ಕದ ಮನೆಯವರದ್ದೂ ಸೇರಿಸಿ. ಊರಿನ ಹೆಸರು ಹಾಕಿ ಪ್ರಿಂಟ್ ಮಾಡ್ತೀನಿ.

– ಸಂ.