ಹನಿಮೂನ್‌ಗೆ ಕ್ರೂಸ್ ಹಡಗು ಹತ್ತುತ್ತಿದ್ದೇವೆ, ಮೊದಲ ದಿನ ಹೇಗಿರುತ್ತದೆ?

ಮದುವೆಯಾದ ವಾರದೊಳಗೇ ಮುಂಬೈಯಿಂದ ಗೋವಾಕ್ಕೆ ಕ್ರೂಸ್ ಬುಕ್ ಮಾಡಿದ್ದೀರಿ. ಮೊದಲ ದಿನ ಏನೇನು ನಡೆಯುತ್ತದೆ, ಒಂದನ್ನೂ ತಪ್ಪಿಸಿಕೊಳ್ಳದ ಹಾಗೆ ಪ್ಲಾನ್ ಮಾಡೋದು ಹೇಗೆ ಅಂತ ಕೇಳಿದ್ದೀರಿ. ನಿಮ್ಮ ಹೆಂಡತಿಗೆ ಸಮುದ್ರ ಅಂದರೆ ಸ್ವಲ್ಪ ಭಯ ಅಂತಲೂ ಬರೆದಿದ್ದೀರಿ. ನಾನೂ ನಮ್ಮ ಯಜಮಾನರೂ ಮದುವೆಯಾದ ಹೊಸದರಲ್ಲಿ ಇದೇ ದಾರಿಯಲ್ಲಿ, ಕಾರ್ಡೆಲಿಯಾ ಅನ್ನೋ ಕ್ರೂಸ್ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ ಹೋಗಿದ್ದೆವು. ಅದರ ಮೇಲೆ ಹೇಳುತ್ತೇನೆ.

ಮೊದಲ ದಿನಕ್ಕೆ ದೊಡ್ಡ ಪ್ಲಾನ್ ಬೇಡವೇ ಬೇಡ. ಅದು ಪೂರ್ತಿ ದಿನವೂ ಅಲ್ಲ. ಹಡಗು ಹತ್ತುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ, ಸಂಜೆ ಹೊತ್ತಿಗೆ ಹೊರಡುತ್ತದೆ. ಅದಕ್ಕಿಂತ ಮುಖ್ಯ, ನೀವಿಬ್ಬರೂ ಸುಸ್ತಾಗಿರುತ್ತೀರಿ. ಚಪ್ಪರ, ವರಪೂಜೆ, ಧಾರೆ, ರಿಸೆಪ್ಷನ್, ಬೀಗರೂಟ, ಸತ್ಯನಾರಾಯಣ ಪೂಜೆ ಎಲ್ಲ ಮುಗಿಸಿ ಬರುವವರಿಗೆ ನಿದ್ದೆಯ ಬಾಕಿ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಸಾಧ್ಯವಾದರೆ ಹಿಂದಿನ ದಿನವೇ ಮುಂಬೈಗೆ ಹೋಗಿ ಉಳಿದುಕೊಳ್ಳಿ. ಅದೇ ದಿನ ಬೆಳಗಿನ ವಿಮಾನ ನಂಬಿಕೊಂಡು ಹೋಗಬೇಡಿ. ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಹೊರಡುವ ಸಮಯಕ್ಕಿಂತ ಎಷ್ಟೋ ಮೊದಲೇ ಚೆಕ್-ಇನ್ ಮುಚ್ಚಿಬಿಡುತ್ತಾರೆ.

ಇನ್ನೊಂದು ವಿಷಯ ಈಗಲೇ ನೋಡಿಕೊಳ್ಳಿ. ನಿಮ್ಮ ಹೆಂಡತಿಯ ಟಿಕೆಟ್ ಯಾವ ಹೆಸರಿನಲ್ಲಿದೆ? ಕೆಲವರು ಖುಷಿಗೆ ಗಂಡನ ಹೆಸರು ಸೇರಿಸಿ ಬುಕ್ ಮಾಡುತ್ತಾರೆ. ಆಧಾರ್‌ನಲ್ಲೋ ಪಾಸ್‌ಪೋರ್ಟ್‌ನಲ್ಲೋ ಹೇಗಿದೆಯೋ ಟಿಕೆಟ್‌ನಲ್ಲೂ ಹಾಗೇ ಇರಬೇಕು.

ಹಡಗು ಹತ್ತುವುದು ಬಲ್ಲಾರ್ಡ್ ಪಿಯರ್ ಕಡೆಯ ಟರ್ಮಿನಲ್‌ನಲ್ಲಿ. ದೊಡ್ಡ ಲಗೇಜಿಗೆ ಟ್ಯಾಗ್ ಹಾಕಿ ಅಲ್ಲೇ ತೆಗೆದುಕೊಳ್ಳುತ್ತಾರೆ, ಅದು ನಿಮ್ಮ ಕೋಣೆ ಬಾಗಿಲಿಗೆ ಬರುವಾಗ ಸಂಜೆಯಾದರೂ ಆಶ್ಚರ್ಯವಿಲ್ಲ. ಹಾಗಾಗಿ ಮಾತ್ರೆ, ಚಾರ್ಜರ್, ಒಂದು ಜೊತೆ ಬಟ್ಟೆ, ಒಡವೆ ಎಲ್ಲ ಕೈಚೀಲದಲ್ಲೇ ಇರಲಿ. ಇಸ್ತ್ರಿಪೆಟ್ಟಿಗೆ, ಕೆಟಲ್ ತರಬೇಡಿ. ಹಡಗಿನಲ್ಲಿ ಬೆಂಕಿಯ ಭಯ ಜಾಸ್ತಿ, ಅದಕ್ಕೇ ಬಿಡುವುದಿಲ್ಲ. ಚೆಕ್-ಇನ್‌ನಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಕೋಣೆಯ ಕೀಲಿಯೂ ಅದೇ, ಒಳಗಿನ ಖರ್ಚೂ ಅದರಲ್ಲೇ. ಮಾಮೂಲಿ ಊಟ-ತಿಂಡಿ ಟಿಕೆಟ್‌ನಲ್ಲೇ ಸೇರಿದೆ, ಸಸ್ಯಾಹಾರಿಗಳಿಗೂ ಜೈನರಿಗೂ ಏನೂ ತೊಂದರೆಯಿಲ್ಲ.

ಕೋಣೆ ಚಿಕ್ಕದು. ಮೊದಲೇ ಹೇಳಿಬಿಡುತ್ತೇನೆ, ಜಾಹೀರಾತಿನ ಫೋಟೋ ನೋಡಿ ಹೋದರೆ ಬೇಜಾರಾಗುತ್ತದೆ. ನಾವು ಹೋದ ಎಂಪ್ರೆಸ್ 1990ರಲ್ಲಿ ಫ್ರಾನ್ಸ್‌ನಲ್ಲಿ ಕಟ್ಟಿದ್ದು, ಆಗ ಅದರ ಹೆಸರು ನಾರ್ಡಿಕ್ ಎಂಪ್ರೆಸ್. ಆ ಕಾಲದ ಹಡಗುಗಳಲ್ಲಿ ಬಾಲ್ಕನಿ ಇರುವ ಕೋಣೆಗಳು ಕಡಿಮೆ. ಮಂಚ ಎರಡು ಬೇರೆ ಬೇರೆ ಇದ್ದರೆ ಕ್ಯಾಬಿನ್ ನೋಡಿಕೊಳ್ಳುವವರಿಗೆ ಹೇಳಿ, ಸೇರಿಸಿಕೊಡಲು ಆಗುತ್ತದಾ ಅಂತ ನೋಡುತ್ತಾರೆ. ನಾಚಿಕೆ ಪಡಬೇಡಿ. ನಮ್ಮದು ಮನೆಯವರು ನೋಡಿ ಮಾಡಿದ ಮದುವೆ. ಮದುವೆ ಮನೆಯಲ್ಲಿ ಸುತ್ತ ಜನವೋ ಜನ, ಇಲ್ಲಿ ಇದ್ದಕ್ಕಿದ್ದಂತೆ ಪುಟ್ಟ ಕೋಣೆಯಲ್ಲಿ ಇಬ್ಬರೇ. ಏನು ಮಾತಾಡೋದು ಅಂತಲೂ ತೋಚಲಿಲ್ಲ. ನಿಮ್ಮದೂ ಹಾಗೇ ಆದರೆ ಗಾಬರಿಯಾಗಬೇಡಿ, ಬಾಗಿಲು ಹಾಕಿಕೊಂಡು ಮೇಲಿನ ಡೆಕ್‌ಗೆ ನಡೆಯಿರಿ. ಪಕ್ಕಪಕ್ಕ ನಿಂತು ಹೊರಗೆ ನೋಡುವಾಗ ಮಾತು ತಾನಾಗಿ ಬರುತ್ತದೆ.

ನಿಮ್ಮ ಹೆಂಡತಿಯ ಭಯದ ವಿಷಯಕ್ಕೆ ಬರುತ್ತೇನೆ. ಹೊರಡುವ ಮೊದಲು ಮಸ್ಟರ್ ಡ್ರಿಲ್ ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ಅಲ್ಲಿ ಹೇಳಿಕೊಡುತ್ತಾರೆ. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಅದು ತುರ್ತು ಕರೆ. ಇದು ಸುಮ್ನೆ ಶಾಸ್ತ್ರಕ್ಕೆ ಮಾಡುವುದಲ್ಲ. 2012ರ ಜನವರಿಯಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ. ಆಮೇಲೆ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಮುಗಿಯಬೇಕು. ಭಯ ಇರುವವರು ಇದನ್ನು ಗಮನವಿಟ್ಟು ನೋಡಲಿ. ನಿಮ್ಮ ಹೆಂಡತಿಯನ್ನು ಲೈಫ್ ಬೋಟ್‌ಗಳ ಹತ್ತಿರ ಕರೆದುಕೊಂಡು ಹೋಗಿ ತೋರಿಸಿ. ಕೋಣೆಯಿಂದ ಅಲ್ಲಿಗೆ ದಾರಿ ಯಾವುದು ಅಂತ ಇಬ್ಬರೂ ಒಂದು ಸಲ ನಡೆದು ನೋಡಿ. ನನಗೂ ಭಯವಿತ್ತು. ದಾರಿ ಗೊತ್ತಾದ ಮೇಲೆ ಎದೆ ಹಗುರವಾಯಿತು.

ಓಲಾಟದ ಭಯವಾದರೆ, ತಕ್ಕಡಿಯ ಹಾಗೆ ಹಡಗಿನಲ್ಲೂ ತುದಿಗಳು ಜಾಸ್ತಿ ಆಡುತ್ತವೆ, ನಡುಭಾಗ ಕಡಿಮೆ. ತಲೆ ತಿರುಗಿದರೆ ಮಧ್ಯದ, ಕೆಳಗಿನ ಡೆಕ್‌ಗೆ ಬನ್ನಿ, ಅಥವಾ ಹೊರಗೆ ಗಾಳಿಗೆ ನಿಂತು ದೂರದ ದಿಗಂತ ನೋಡಿ. ಆ ಹೊತ್ತಿನಲ್ಲಿ ಮೊಬೈಲ್ ನೋಡಬೇಡಿ. ಮಾತ್ರೆ ಬೇಕಿದ್ದರೆ ಊರಿನಲ್ಲೇ ಡಾಕ್ಟರನ್ನು ಕೇಳಿ ತಂದುಕೊಳ್ಳಿ, ವಾಂತಿ ಶುರುವಾಗುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಡಿಸೆಂಬರ್, ಜನವರಿಯಲ್ಲಿ ನಮ್ಮ ಪಶ್ಚಿಮದ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮೇ ಕೊನೆಗೆ ಮುಂಗಾರು ಹತ್ತಿರ ಬಂದಂತೆ ಅಲೆ ಏಳುತ್ತದೆ.

ಆ ದಿನ ಬಿಡಲೇಬಾರದ್ದು ಒಂದೇ, ಹಡಗು ಹೊರಡುವ ಹೊತ್ತು. ಅರ್ಧ ಗಂಟೆ ಮೊದಲೇ ಮೇಲೆ ಹೋಗಿ ಬಲಗಡೆ (ಹಡಗಿನ ಮುಂಭಾಗಕ್ಕೆ ಮುಖ ಮಾಡಿದರೆ ಬಲಕ್ಕೆ) ಕಂಬಿ ಹಿಡಿದು ನಿಲ್ಲಿ. ಆ 200 ಮೀಟರಿಗೂ ಉದ್ದದ ಹಡಗು ಎಷ್ಟು ಮೆಲ್ಲಗೆ ದಡ ಬಿಡುತ್ತದೆ ಅಂದರೆ, ನಾವು ಹೊರಟೆವಾ ಅಥವಾ ದಡ ಹೊರಟಿತಾ ಅಂತ ಅನುಮಾನ ಬರುತ್ತದೆ. ಬಂದರು ದಾಟಿ ದಕ್ಷಿಣಕ್ಕೆ ತಿರುಗಿದ ಮೇಲೆ ಗೇಟ್‌ವೇ ಆಫ್ ಇಂಡಿಯಾ, ತಾಜ್ ಹೋಟೆಲ್, ಆಮೇಲೆ ಕೊಲಾಬಾ ಎಲ್ಲ ಬಲಗಡೆಯೇ ಬರುತ್ತವೆ. ದಡದಿಂದ ಗೇಟ್‌ವೇ ನೋಡಿದವರು ಬಹಳ ಜನ. ಆದರೆ ಅದನ್ನು ಕಟ್ಟಿದ್ದೇ ಸಮುದ್ರದ ಕಡೆಯಿಂದ ಬರುವವರಿಗಾಗಿ ಅಲ್ವಾ? ಬಂದರಿನಿಂದ ದಾರಿ ತೋರಿಸಲು ಹತ್ತಿದ ಪೈಲಟ್ ಹೊರಗೆ ಬಂದ ಮೇಲೆ ಹಗ್ಗದ ಏಣಿ ಇಳಿದು ಪುಟ್ಟ ದೋಣಿಗೆ ಹೋಗುತ್ತಾರೆ, ಅದೂ ನೋಡುವಂಥದ್ದು. ಸೂರ್ಯ ಮುಳುಗುವುದೂ ಬಲಗಡೆಗೇ.

ಅಷ್ಟರೊಳಗೆ ಎರಡೂ ಮನೆಗೆ ಫೋನ್ ಮಾಡಿ, ನಾಳೆವರೆಗೂ ಸಿಗೋದಿಲ್ಲ ಅಂತ ಹೇಳಿಬಿಡಿ. ಇಲ್ಲದಿದ್ದರೆ ನಿಮ್ಮತ್ತೆಯವರೂ ನಿಮ್ಮಮ್ಮನೂ ಇಡೀ ರಾತ್ರಿ ಗಾಬರಿಯಲ್ಲಿರುತ್ತಾರೆ. ದಡದ ಸಿಗ್ನಲ್ ಹೋದ ಮೇಲೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ ವಿಪರೀತ ಬರುತ್ತದೆ. ರಾತ್ರಿ ಡ್ಯಾನ್ಸ್, ಮ್ಯಾಜಿಕ್ ಅಂತ ಏನಾದರೂ ಇದ್ದೇ ಇರುತ್ತದೆ. ಮೈ ಒಪ್ಪಿದರೆ ಹೋಗಿ, ಇಲ್ಲವಾದರೆ ಊಟ ಮಾಡಿ ಮಲಗಿ. ಮರುದಿನ ಸಂಜೆಗೂ ಕಾರ್ಯಕ್ರಮ ಇಟ್ಟಿರುತ್ತಾರೆ.